ಆ ಮಳೆಗಾಲದ ತಿರುಗುವ ಹನಿಗಳು

ಮೊನ್ನೆ ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗ ಅವಳು ಹಿತ್ತಲಲ್ಲಿ ಕೂತು ಹಳೆಯ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಹೊರಗೆ ಜಿಟಿಜಿಟಿ ಮಳೆ. ಒದ್ದೆ ತಾಮ್ರ ಮತ್ತು ಹುಳಿ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಯಾಕಕ್ಕಾ, ತಲಿ ತಿರಗಿತೇನ?" ಅಂದಳು ತಂಗಿ.

ತಲೆ ತಿರುಗಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು. ಆ ಮಳೆಗಾಲದಲ್ಲಿ ನಾನೂ ಶೈಲಾಳೂ ಹೀಗೆಯೇ ತಾಮ್ರದ ಎರಡು ತಟ್ಟೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಅವುಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳನ್ನು ಇಟ್ಟು ಕಾಯುತ್ತಿದ್ದೆವು. ಆಗ ನಾನು ಕಂಡದ್ದನ್ನು ಅನೇಕರಿಗೆ ಹೇಳಿದ್ದೇನೆ, ಆದರೆ ಪ್ರತಿ ಸಲವೂ ಅವಸರದಲ್ಲಿ. ಈಗ ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಬರೆದಿಡಬೇಕು ಅನ್ನಿಸಿದೆ.

ನಾನು ಊರಿನ ಕ್ಯಾಂಪ್ ಭಾಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಶೈಲಾ ಅಲ್ಲಿಯೇ ಭೌತಶಾಸ್ತ್ರ ಕಲಿಸುತ್ತಾಳೆ. ನನಗಿಂತ ಚಿಕ್ಕವಳು, ನನ್ನನ್ನು ಗಿರಿಜಕ್ಕ ಅನ್ನುತ್ತಾಳೆ. ಖಾನಾಪುರದ ಕುಂಬಾರರ ಮನೆತನ ಅವಳದು. ಬೆಳಿಗ್ಗೆ ಖಾನಾಪುರದಲ್ಲಿ ಬಸ್ಸು ಹತ್ತಿ, ಮಚ್ಛೆಯಲ್ಲಿ ಫ್ಯಾಕ್ಟರಿಯವರು ಇಳಿದು ಸೀಟು ಖಾಲಿಯಾಗುವವರೆಗೆ ನಿಂತೇ ಬಂದು, ಒದ್ದೆ ಕೊಡೆಯನ್ನು ಪ್ರಯೋಗಾಲಯದ ಬಾಗಿಲ ಹಿಂದೆ ನೇತುಹಾಕುತ್ತಿದ್ದಳು. ಪಾಠ, ಪರೀಕ್ಷೆ, ಮನೆಗೆಲಸ ಇವುಗಳ ನಡುವೆ ಅವಳ ಪಿಎಚ್.ಡಿ. ವರ್ಷಗಟ್ಟಲೆ ಎಳೆದುಕೊಂಡು ಬಂದಿತ್ತು. ಆ ಸಲ ವಿಶ್ವವಿದ್ಯಾಲಯ ಕೊನೆಯ ಅವಧಿ ಕೊಟ್ಟಿತ್ತು. ದೀಪಾವಳಿಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ.

ಇನ್ನೊಂದು ಕಟ್ಟೂ ಇತ್ತು. ಅವಳ ಪ್ರಯೋಗ ಮಳೆಗಾಲದಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮ ಪ್ರಯೋಗಾಲಯ ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡದ ಒಂದು ಕೋಣೆ. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಅಲ್ಲಿ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಹೋಲಿಕೆಯೇ ಇರುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಮಾತ್ರ, ಬೆಳಗಾವಿಯ ಮೇಲೆ ಮೋಡ ಕವುಚಿಕೊಂಡು ಬಿದ್ದಾಗ, ಆ ದಪ್ಪ ಗೋಡೆಗಳ ಒಳಗೆ ವಾರಗಟ್ಟಲೆ ಉಷ್ಣತೆ ಅಲುಗುವುದಿಲ್ಲ. ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ಯಂತ್ರ ಮಾಡುವ ಕೆಲಸವನ್ನು ನಮ್ಮಲ್ಲಿ ಮಳೆ ಮಾಡುತ್ತಿತ್ತು. ಅದು ಶೈಲಾಳಿಗೆ ಉಳಿದಿದ್ದ ಕೊನೆಯ ಮಳೆಗಾಲ.

ಅವಳ ವಿಷಯವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕೆಲವು ಪದಾರ್ಥಗಳು ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ. ದ್ರವದ ಹಾಗೆ ಹರಿಯುತ್ತವೆ, ಆದರೆ ಅವುಗಳ ಉದ್ದುದ್ದ ಅಣುಗಳು ಸ್ಫಟಿಕದಲ್ಲಿ ಇದ್ದಂತೆ ಒಂದು ಶಿಸ್ತಿನಲ್ಲಿ ನಿಂತಿರುತ್ತವೆ. ಇವು ದ್ರವಸ್ಫಟಿಕಗಳು. ನಮ್ಮ ಮೊಬೈಲು, ಟಿವಿಗಳ ಪರದೆಯಲ್ಲಿ ಇರುವುದೂ ಇದೇ ಜಾತಿ. ಇವುಗಳಲ್ಲಿ ಕೆಲವಕ್ಕೆ ಎಡ-ಬಲದ ಗುಣ ಇರುತ್ತದೆ. ನಮ್ಮ ಎಡಗೈ ಬಲಗೈ ಹೇಗೆ ಕನ್ನಡಿಯೊಳಗಿನ ಬಿಂಬಗಳೋ, ಒಂದರ ಮೇಲೊಂದು ಇಟ್ಟರೆ ಕೂಡುವುದಿಲ್ಲವೋ, ಹಾಗೆ. ಅಂಥ ಅಣುಗಳು ಒಂದರ ಪಕ್ಕ ಒಂದು ನಿಲ್ಲುವಾಗ ತುಸು ತುಸುವೇ ತಿರುಚಿಕೊಂಡು ನಿಲ್ಲುತ್ತವೆ, ಸುತ್ತು ಮೆಟ್ಟಿಲಿನಂತೆ. ಅಂಥ ದ್ರವದ ಹನಿಗಳನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಒಂದು ತಟ್ಟೆಯನ್ನು ಇನ್ನೊಂದಕ್ಕಿಂತ ತುಸು ಬೆಚ್ಚಗೆ ಮಾಡಿದರೆ ಹನಿಗಳು ತಿರುಗತೊಡಗುತ್ತವೆ. ಯಾರೂ ಮುಟ್ಟುವುದಿಲ್ಲ, ಕಲಕುವುದಿಲ್ಲ. ಕಾವು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೋಗುತ್ತದೆ, ಅಷ್ಟೇ. ನೂರು ವರ್ಷಕ್ಕೂ ಹಿಂದೆ ಒಬ್ಬ ಜರ್ಮನ್ ವಿಜ್ಞಾನಿ ಮೊದಲು ಕಂಡ ಸಂಗತಿ ಇದು. ಇನ್ನೂ ಅದರ ಕಾರಣದ ಬಗ್ಗೆ ವಾದ ಮುಗಿದಿಲ್ಲ.

ನೆಟ್ಟಗೆ ಹೋಗುವ ಕಾವು ಹನಿಯನ್ನು ತಿರುಗಿಸುವುದು ಹೇಗೆ? ಇದು ನನಗೆ ಅರ್ಥವಾದದ್ದು ಉದ್ಯಮಬಾಗಿನಲ್ಲಿ. ತಾಮ್ರದ ತಟ್ಟೆಗಳಿಗೆ ಬಿಸಿನೀರು ತಣ್ಣೀರು ಹರಿಯುವ ಸಣ್ಣ ಕಾಲುವೆ, ನಡುವೆ ಬೆಳಕಿಗೆ ಒಂದು ತೂತು ಹಾಕಿಸಲು ಮಾರುತಿ ಎಂಬವರ ಲೇಥ್ ಶಾಪಿಗೆ ಹೋಗಿದ್ದೆವು. ಮಾರುತಿ ತಟ್ಟೆಯನ್ನು ತಿರುವಿ ತಿರುವಿ ನೋಡಿದರು.

"ಇಷ್ಟ ಚಂದ ತಾಮ್ರಕ್ಕ ನಡಕ ತೂತ ಹೊಡಿ ಅಂತೀರಲ್ರಿ ಅಕ್ಕೋರ. ಇಡ್ಲಿ ಪಾತ್ರಿ ಮಾಡ್ಸಾಕತ್ತೀರೇನು?"

"ಇಡ್ಲಿ ಅಲ್ಲ ಮಾರುತಿ ಅಣ್ಣಾ. ಹನಿ ತಿರಗಿಸಾಕ," ಅಂದಳು ಶೈಲಾ.

"ತಿರಗಿಸಾಕ ಮೋಟರ್ ಬೇಕಲ. ಎಲ್ಲೈತಿ ಮೋಟರ್?"

"ಮೋಟರ್ ಇಲ್ಲ. ಬರೇ ಕಾವು."

"ಬರೇ ಕಾವಿಗೆ ತಿರಗತೈತಿ ಅಂದ್ರ ನನ್ನ ಲೇಥಿಗೂ ನಾಕ ಹನಿ ಹಾಕಿ ಹೋಗ್ರಿ. ಕರೆಂಟ್ ಬಿಲ್ಲ ತುಂಬಿ ತುಂಬಿ ಸಾಕಾಗೈತಿ."

ಶೈಲಾ ನಗಲಿಲ್ಲ. ಗೋಡೆಯ ಕಿಂಡಿಯಲ್ಲಿದ್ದ ಗಾಳಿಫ್ಯಾನು ತೋರಿಸಿದಳು. ಅದರ ಸ್ವಿಚ್ಚು ಆಫ್ ಇತ್ತು. ಆದರೂ ಹೊರಗಿನ ಮಳೆಗಾಳಿಗೆ ತಾನಾಗಿ ತಿರುಗುತ್ತಿತ್ತು.

"ಅಲ್ಲಿ ನೋಡ್ರಿ. ಗಾಳಿ ನೆಟ್ಟಗ ಬರತೈತಿ. ಫ್ಯಾನ ಯಾಕ ತಿರಗತೈತಿ?"

"ರೆಕ್ಕಿ ವಾರಿ ಅದಾವಲ್ರಿ."

"ಎಲ್ಲಾ ರೆಕ್ಕಿ ಒಂದ ಕಡೆ ವಾರಿ ಅದಾವ. ಅರ್ಧಾ ಈ ಕಡೆ ಅರ್ಧಾ ಆ ಕಡೆ ಇದ್ದಿದ್ರ?"

ಮಾರುತಿ ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಅಲ್ಲೇ ನಿಂದರತಿತ್ತು," ಅಂದರು. ಆಮೇಲೆ ಮತ್ತೇನೂ ಕೇಳದೆ ತಟ್ಟೆಯನ್ನು ಲೇಥಿಗೆ ಕಟ್ಟಿದರು.

ನಾನು ಮಾಡಿದ್ದೂ ಅದೇ ರೆಕ್ಕೆಯ ಕೆಲಸ. ಬಲಗೈ ಅಣುಗಳ ಮಿಶ್ರಣ ಒಂದು, ಎಡಗೈ ಅಣುಗಳದು ಒಂದು, ಎರಡನ್ನೂ ಸಮ ಬೆರೆಸಿದ್ದು ಒಂದು, ಹೀಗೆ ಮೂರು ಮಾಡಿಕೊಟ್ಟೆ. ಮೊದಲನೆಯದು ಒಂದು ದಿಕ್ಕಿಗೆ ತಿರುಗಬೇಕು, ಎರಡನೆಯದು ಅದರ ವಿರುದ್ಧ. ಮೂರನೆಯದು ತಿರುಗಬಾರದು.

ನಾನು ಮೊದಲ ಸಲ ನೋಡಿದ ದಿನ ಮಳೆ ಬಲವಾಗಿತ್ತು. ತಾಮ್ರದ ತಟ್ಟೆಗಳ ನಡುವೆ ಎರಡು ತೆಳು ಗಾಜು, ಅವುಗಳ ಒಳಗೆ ಮಿಶ್ರಣ; ಸೂಕ್ಷ್ಮದರ್ಶಕದ ಮೇಲೆ ಕ್ಯಾಮರಾ, ಅದರ ವೈರು ಒಂದು ಹಳೆಯ ಕಂಪ್ಯೂಟರ್ ಪರದೆಗೆ. ಪರದೆ ತುಂಬ ಕಪ್ಪು. ಕಪ್ಪಿನಲ್ಲಿ ಅಲ್ಲಲ್ಲಿ ದುಂಡನೆಯ ಹನಿಗಳು, ಒಂದೊಂದರೊಳಗೂ ಜಮಖಾನೆಯ ಪಟ್ಟೆಯಂತೆ ಬೆಳಕು ಕತ್ತಲೆ ಬೆಳಕು ಕತ್ತಲೆ. ಏನೂ ಅಲುಗಲಿಲ್ಲ. ಶೈಲಾ ಮಾತಾಡಬೇಡಿ ಎಂದು ಕೈ ಎತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಹನಿಯ ಪಟ್ಟೆಗಳು ಮೊದಲಿಗಿಂತ ತುಸು ಓರೆಯಾಗಿವೆ ಅನ್ನಿಸಿತು. ನನ್ನ ಕಣ್ಣಿನ ಭ್ರಮೆ ಅಂದುಕೊಂಡೆ. ಇನ್ನೊಂದು ಹನಿ ನೋಡಿದೆ. ಅದೂ ಅಷ್ಟೇ ಓರೆಯಾಗಿತ್ತು, ಅದೇ ಕಡೆಗೆ. ಪರದೆಯ ಮೇಲಿದ್ದ ಎಲ್ಲ ಹನಿಗಳೂ, ದೊಡ್ಡವು ನಿಧಾನ, ಚಿಕ್ಕವು ತುಸು ಬೇಗ, ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ಶಬ್ದವಿಲ್ಲ, ನೂಕುವವರಿಲ್ಲ. ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಎಡ-ಬಲದ ಅಣುಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಅವು ಹೀಗೆ ತಮ್ಮ ಎಡ-ಬಲವನ್ನು ಕಣ್ಣೆದುರು ತೋರಿಸುತ್ತವೆ ಎಂದು ಎಂದೂ ಅಂದುಕೊಂಡಿರಲಿಲ್ಲ.

ಶೈಲಾ ನನ್ನನ್ನು ಕರೆದದ್ದು ಬೆರಗುಪಡಲು ಅಲ್ಲ. ಅವಳಿಗೊಬ್ಬ ಸಾಕ್ಷಿ ಬೇಕಾಗಿತ್ತು.

"ನನಗ ಅವು ತಿರಗಬೇಕಂತ ಆಸೆ ಐತಿ ಗಿರಿಜಕ್ಕ. ಆಸೆ ಇದ್ದವರ ಕಣ್ಣ ನಂಬಬಾರದು. ನೀವು ನೋಡ್ರಿ. ಯಾವ ತಟ್ಟಿ ಬೆಚ್ಚಗೈತಿ, ಯಾವ ಮಿಶ್ರಣ ಹಾಕೀನಿ, ನಿಮಗ ಹೇಳೂದಿಲ್ಲ. ಸುಲ್ಟಾನೋ ಉಲ್ಟಾನೋ, ಅಷ್ಟ ಹೇಳ್ರಿ."

ಗಡಿಯಾರದ ಮುಳ್ಳಿನ ದಿಕ್ಕು ಸುಲ್ಟಾ, ಅದರ ವಿರುದ್ಧ ಉಲ್ಟಾ. ನೀರಿನ ಕೊಳವೆಗಳು ನನಗೆ ಕಾಣದಂತೆ ಅವಳು ತನ್ನ ಹಳೆಯ ಇಳಕಲ್ ಸೀರೆಯನ್ನು ಮೇಜಿನ ಸುತ್ತ ಮರೆಯಾಗಿ ಕಟ್ಟಿದಳು. ಅದರ ಹಿಂದೆ ಕೊಳವೆ ಬದಲಿಸುವ ಸದ್ದು, ನೀರಿನ ಗುಳುಗುಳು. ನಾನು ಪರದೆ ನೋಡುವುದು, "ಸುಲ್ಟಾ", "ಉಲ್ಟಾ", "ನಿಂತೈತಿ" ಅನ್ನುವುದು. ಅವಳು ಏನೂ ಅನ್ನುತ್ತಿರಲಿಲ್ಲ. ಸರಿಯೋ ತಪ್ಪೋ ಎಂದು ಅವಳ ಮುಖದಿಂದಲೂ ತಿಳಿಯಬಾರದೆಂದು ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಹೀಗೆ ಆಷಾಢವಿಡೀ ನಡೆಯಿತು. ಕೊನೆಗೊಂದು ಮಧ್ಯಾಹ್ನ ನನ್ನ ಉತ್ತರಗಳನ್ನೆಲ್ಲ ತನ್ನ ಗುರುತಿನ ಜೊತೆ ತಾಳೆ ನೋಡಿ, ಮೊದಲ ಸಲ ನಕ್ಕಳು. ಕಾವಿನ ದಿಕ್ಕು ಬದಲಾದಾಗಲೆಲ್ಲ ಹನಿಯ ದಿಕ್ಕೂ ಬದಲಾಗಿತ್ತು. ಬಲಗೈಯದು ಒಂದು ಕಡೆ, ಎಡಗೈಯದು ಇನ್ನೊಂದು ಕಡೆ ತಿರುಗಿತ್ತು. ಸಮ ಬೆರೆಸಿದ್ದು ನಿಂತೇ ಇತ್ತು.

ಅವಳ ಮಾರ್ಗದರ್ಶಕರು ಹಿರೇಮಠ ಸರ್, ನಿವೃತ್ತರು. ಧೋತರ, ಕೋಟು, ಹಣೆಗೆ ವಿಭೂತಿ. ಈ ಹನಿಗಳ ಬಗ್ಗೆ ತಾರುಣ್ಯದ ದಿನಗಳಿಂದಲೂ ಯೋಚಿಸಿದವರು. ಹನಿ ಇಡಿಯಾಗಿ, ಒಂದು ಗಟ್ಟಿ ಚಕ್ರದಂತೆ ತಿರುಗುತ್ತದೆ ಎಂದು ಅವರು ಮೊದಲಿನಿಂದ ಹೇಳುತ್ತ ಬಂದಿದ್ದರು. ಶೈಲಾಳ ಮುಖ್ಯ ಅಧ್ಯಾಯ ನಿಂತದ್ದೂ ಅದರ ಮೇಲೆಯೇ. ಚಕ್ರದಂತೆ ತಿರುಗಿದರೆ ಸುತ್ತಲಿನ ದ್ರವ ಅದನ್ನು ಎಷ್ಟು ತಡೆಯುತ್ತದೆ, ಅದನ್ನು ಮೀರಲು ಕಾವು ಎಷ್ಟು ಬಲ ಹಾಕಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿತ್ತು. ವಿಭಾಗದ ಸಭೆಯಲ್ಲಿ ಅವಳು ವಿಡಿಯೋ ತೋರಿಸಿ, "ನಮ್ಮ ಮನೆಯ ಚಕ್ರದ ಹಾಗೆಯೇ ತಿರುಗುತ್ತದೆ" ಅಂದಾಗ ಸರ್ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಪ್ರಬಂಧ ಮುಗಿದಂತೆಯೇ ಎಂದು ನಾವೆಲ್ಲ ತಿಳಿದೆವು.

ಶ್ರಾವಣದ ಒಂದು ಭಾನುವಾರ ಶೈಲಾ ನನ್ನನ್ನು ಖಾನಾಪುರಕ್ಕೆ ಕರೆದಳು. ಗಣೇಶ ಚೌತಿ ಹತ್ತಿರ ಬಂದಿತ್ತು. ಅವರ ಮನೆಯ ಪಡಸಾಲೆಯಲ್ಲಿ ಬಣ್ಣ ಕಾಣದ ಹಸಿ ಗಣಪತಿಗಳು ಸಾಲಾಗಿ ಕೂತಿದ್ದವು. ಶೈಲಾಳ ತಾಯಿ, ಊರಿಗೆಲ್ಲ ಆಯಿ, ಮಣ್ಣಿನ ರಾಶಿಯ ಮುಂದೆ ಕೂತಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿ, "ಬರ್ರಿ, ಕುಂದರ್ರಿ. ಖಾಲಿ ಕುಂದರಬ್ಯಾಡ್ರಿ ಮತ್ತ, ಮಣ್ಣ ತಗೋರಿ," ಅಂದರು.

ಕೆಲಸ ಇಷ್ಟೇ. ನೆನೆದ ಮಣ್ಣನ್ನು ಬೆರಳ ನಡುವೆ ತಿಕ್ಕಿ, ಕಲ್ಲಿನ ಚೂರು ಸಿಕ್ಕರೆ ತೆಗೆದು ಒಗೆಯುವುದು. ಒಂದು ಚೂರು ಉಳಿದರೂ ಒಣಗುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ಶೈಲಾ ನನ್ನ ಪಕ್ಕ ಕೂತಿದ್ದಳು. ಅವಳ ಬೆರಳುಗಳು ನೋಡದೆಯೇ ಚೂರನ್ನು ಹುಡುಕುತ್ತಿದ್ದವು. ನಾನು ಒಂದು ಮುದ್ದೆ ಮುಗಿಸುವಷ್ಟರಲ್ಲಿ ಅವಳದು ಮೂರು ಮುಗಿದಿದ್ದವು.

"ಇಕಿ ಸಣ್ಣಾಕಿ ಇದ್ದಾಗಿಂದ ಹಿಂಗ," ಅಂದರು ಆಯಿ. "ಅನ್ನದಾಗ, ಬ್ಯಾಳ್ಯಾಗ, ಎಲ್ಲಾದ್ರಾಗೂ ಕಲ್ಲ ಆರಿಸಾಕಿ. ಗಂಡಿನ ಕಡೆಯವ್ರ ಬಂದಾಗ ಅವರ ತಾಟನ್ಯಾಗೂ ಕೈ ಹಾಕಿ ಕಲ್ಲ ತಗದಿದ್ದಳು. ಎದ್ದ ಹೋದ್ರ ನೋಡ್ರಿ ಅವ್ರು."

"ಆಯಿ, ಕಲ್ಲ ಖರೇನ ಇತ್ತು," ಅಂದಳು ಶೈಲಾ.

"ಇತ್ತವ್ವಾ. ಕಲ್ಲ ಉಳೀತು, ಗಂಡ ಹೋದಾ."

ನಾನು ನಗುತ್ತಿದ್ದೆ. ಶೈಲಾಳೂ ನಗುತ್ತಿದ್ದವಳು ಒಮ್ಮೆಲೇ ಕತ್ತು ಹೊರಳಿಸಿದಳು. ಆಚೆ ಅವಳ ಅಣ್ಣ ಚಕ್ರದ ಮೇಲೆ ಹಣತೆಯ ಮಣ್ಣು ಇಟ್ಟಿದ್ದ. ಒದ್ದೆ ಮಣ್ಣು ಗುಂಡಗೆ, ನುಣ್ಣಗೆ, ಹೊಳೆಯುತ್ತ ನಿಂತಿತ್ತು. ಅದು ತಿರುಗುತ್ತಿದೆ ಎಂದು ತಿಳಿಯುತ್ತಿದ್ದುದು ಅದರ ಬದಿಯಲ್ಲಿ ಉಳಿದುಹೋಗಿದ್ದ ಒಂದು ಬಿಳಿಯ ಚೂರಿನಿಂದ. ಅದು ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು. ಶೈಲಾ ಅದನ್ನೇ ನೋಡುತ್ತಿದ್ದಳು. ಕೈಯ ಮಣ್ಣು ಕೈಯಲ್ಲೇ ಇತ್ತು.

"ಗಿರಿಜಕ್ಕ," ಅಂದಳು ಮೆಲ್ಲಗೆ, "ನನ್ನ ಹನಿಯೊಳಗ ಒಂದರ ಚೂರ ಇತ್ತೇನ್ರಿ?"

ಇರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಮಿಶ್ರಣವನ್ನು ಅವಳು ಸೋಸಿ ಸೋಸಿ ಹಾಕುತ್ತಿದ್ದಳು. ಒಂದು ಹನಿಯಲ್ಲಿ ಧೂಳಿನ ಕಣ ಕಂಡರೆ ಆ ಗಾಜನ್ನೇ ತೆಗೆದು ಬೇರೆ ಹಾಕುತ್ತಿದ್ದಳು. ಹುಟ್ಟಿನಿಂದ ಕೈಗೆ ಬಂದ ಅಭ್ಯಾಸ ಅದು, ಅದರಲ್ಲಿ ತಪ್ಪಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಹನಿ ಇಡಿಯಾಗಿ ಚಕ್ರದಂತೆ ತಿರುಗಿದೆ ಎಂದು ಹೇಳಬಲ್ಲದ್ದು ಅದರೊಳಗಿನ ಒಂದು ಚೂರು ಮಾತ್ರ. ನಾವು ನೋಡಿದ್ದು ಪಟ್ಟೆಗಳನ್ನು. ಗಣೇಶನ ಮಂಟಪದ ಮುಂದೆ ಬಲ್ಬುಗಳ ಚಕ್ರ ಕಟ್ಟುತ್ತಾರಲ್ಲ, ಬೆಳಕು ಗರಗರ ತಿರುಗುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದು ಬಲ್ಬೂ ಕದಲಿರುವುದಿಲ್ಲ. ನಮ್ಮ ಹನಿಯೂ ಹಾಗೆಯೇ ಇರಬಹುದು. ಒಂದೊಂದು ಅಣುವೂ ತಾನು ನಿಂತ ಜಾಗದಲ್ಲಿಯೇ ತಿರುಗಿ, ಪಟ್ಟೆ ಮಾತ್ರ ಸುತ್ತು ಹಾಕಿರಬಹುದು. ಹಾಗಿದ್ದರೆ ಕಾವು ಹಾಕುವ ಬಲದ ಲೆಕ್ಕವೆಲ್ಲ ತಪ್ಪು. ಅಧ್ಯಾಯವೇ ತಪ್ಪು.

ಅವಳು ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸರ್ ಒಪ್ಪಿದ್ದರು, ಸಭೆ ಒಪ್ಪಿತ್ತು. ಬಸ್ ನಿಲ್ದಾಣದವರೆಗೆ ನನ್ನನ್ನು ಬಿಡಲು ಬಂದಾಗ ನಾನು ಅದನ್ನು ಹೇಳಿಯೂ ಹೇಳಿದೆ. "ಮೊದಲ ಪ್ರಬಂಧ ಕೊಡು. ಇದನ್ನ ಆಮ್ಯಾಲ ನೋಡೂಣು."

"ಆಮ್ಯಾಲ ಮಳಿ ಇರೂದಿಲ್ರಿ," ಅಂದಳು. ಸ್ವಲ್ಪ ತಡೆದು, "ಮತ್ತ ನನಗ ನಿದ್ದಿನೂ ಇರೂದಿಲ್ಲ," ಅಂದಳು.

ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಅವರ ಮನೆಯ ಮಣ್ಣು. ಅದನ್ನು ನನಗೆ ಕೊಟ್ಟಳು. ಆ ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪನೆಯದು ತಳಕ್ಕೆ ಇಳಿಯಲು ಬಿಟ್ಟು, ಮೇಲೆ ಉಳಿದ ತಿಳಿಯನ್ನು ಬೇರೆ ತೆಗೆದು, ಅದನ್ನು ಮತ್ತೆ ತಿಳಿಯಾಗಿಸಿ, ಒಣಗಿಸಿ, ನಾನು ಗಾಳಿಗೆ ಹಾರುವಷ್ಟು ನುಣ್ಣನೆಯ ಪುಡಿ ಮಾಡಿದೆ. ಅದರ ಒಂದೇ ಚಿಟಿಕೆ ಮಿಶ್ರಣಕ್ಕೆ ಬಿತ್ತು. ಜೀವನವಿಡೀ ಕಸ ಆರಿಸಿದವಳು ಆ ದಿನ ತನ್ನ ಕೈಯಾರೆ ಕಸ ಹಾಕಿದಳು. ಹಾಕುವಾಗ ಮುಖ ಹುಳ್ಳಗೆ ಮಾಡಿದ್ದು ನನಗೆ ನೆನಪಿದೆ.

ಸುಲಭವಾಗಲಿಲ್ಲ. ಕಣಗಳು ಹನಿಯ ಅಂಚಿಗೆ ಸರಿದು ಹೊರಬೀಳುತ್ತಿದ್ದವು. ಇಲ್ಲವೆ ನಡುಮಧ್ಯದಲ್ಲಿ ಕೂರುತ್ತಿದ್ದವು. ನಡುಮಧ್ಯದ ಕಣ ತಿರುಗಿದರೂ ನಿಂತರೂ ಒಂದೇ. ದಿನಗಟ್ಟಲೆ ಹುಡುಕಿದೆವು. ಮಳೆ ಆಗಾಗ ತೆರವು ಕೊಡಲು ಶುರುಮಾಡಿತ್ತು. ಬಿಸಿಲು ಇಣುಕಿದರೆ ಹನಿಗಳು ಕರಗಿ ಮಾಯವಾಗುತ್ತಿದ್ದವು. ಶೈಲಾ ಕಿಟಕಿಗೆ ಗೋಣಿಚೀಲ ಕಟ್ಟಿದಳು. ಮೋಡ ಕವಿದಾಗ ಬಿಚ್ಚಿದಳು.

ಕೊನೆಗೊಂದು ಬೆಳಿಗ್ಗೆ ಅದು ಸಿಕ್ಕಿತು. ಒಂದು ಹನಿ, ಅದರೊಳಗೆ ನಡುವಿಗೂ ಅಂಚಿಗೂ ಮಧ್ಯೆ ಒಂದು ಕಪ್ಪು ಚುಕ್ಕೆ. ಶೈಲಾ ಪರದೆಯಿಂದ ಮುಖ ತಿರುಗಿಸಿ ಗೋಡೆಯ ಕಡೆ ನಿಂತಳು.

"ನಾ ನೋಡೂದಿಲ್ಲ. ನೀವ ನೋಡ್ರಿ. ಪಟ್ಟಿ ನೋಡಬ್ಯಾಡ್ರಿ, ಚುಕ್ಕಿ ನೋಡ್ರಿ. ಏನ ಆಗತೈತಿ ಅಷ್ಟ ಹೇಳ್ರಿ."

ನಾನು ನೋಡಿದೆ. ಚುಕ್ಕೆಯ ಎಡಕ್ಕೆ ಒಂದು ಬಿಳಿ ಪಟ್ಟೆ ಇತ್ತು. ಅದು ನಿಧಾನವಾಗಿ ಬಂತು, ಚುಕ್ಕೆಯ ಮೇಲೆ ಹಾದು ಆಚೆ ಹೋಯಿತು. ಅದರ ಹಿಂದೆ ಕಪ್ಪು ಪಟ್ಟೆ ಬಂತು. ಅದರಲ್ಲಿ ಚುಕ್ಕೆ ಮುಳುಗಿ ಕಾಣದಾಯಿತು. ಕಪ್ಪು ದಾಟಿದ ಮೇಲೆ ಚುಕ್ಕೆ ಮತ್ತೆ ಕಂಡಿತು, ಮೊದಲಿದ್ದಲ್ಲೇ. ಮತ್ತೊಂದು ಪಟ್ಟೆ ಬಂತು, ಹೋಯಿತು. ಹನಿಯೆಲ್ಲ ತಿರುಗುತ್ತಿದೆ ಎಂದು ನನ್ನ ಕಣ್ಣು ಹೇಳುತ್ತಿತ್ತು. ಆ ಒಂದು ಚುಕ್ಕೆ ಮಾತ್ರ, ರಸ್ತೆಯಲ್ಲಿ ಪಂಢರಪುರಕ್ಕೆ ಹೊರಟ ದಿಂಡಿಯ ಮೆರವಣಿಗೆ ಹಾದು ಹೋಗುವಾಗ ಬದಿಯಲ್ಲಿ ನಿಂತು ನೋಡುವವರ ಹಾಗೆ, ಕದಲದೆ ನಿಂತಿತ್ತು. ತಿರುಗುವುದನ್ನು ಮೊದಲ ಸಲ ನೋಡಿದಾಗ ಜುಮ್ಮೆಂದ ಮೈ ಈಗ ತಣ್ಣಗಾಯಿತು. ಇದನ್ನು ನಾನು ಹೇಳಬೇಕಾಗಿತ್ತು, ಮತ್ತು ಹೇಳಿದರೆ ಅವಳ ಗತಿ ಏನೆಂದು ನನಗೆ ತಿಳಿದಿತ್ತು.

"ನಿಂತೈತಿ," ಅಂದೆ.

ಅವಳು ತಿರುಗಲಿಲ್ಲ. "ಪಟ್ಟಿ?"

"ಪಟ್ಟಿ ತಿರಗಾಕ ಹತ್ತ್ಯಾವು. ಚುಕ್ಕಿ ನಿಂತೈತಿ."

ಆಮೇಲೆ ಬಂದು ನನ್ನ ಪಕ್ಕ ಕೂತು ನೋಡಿದಳು. ಬಹಳ ಹೊತ್ತು ನೋಡಿದಳು. ಅಳಬಹುದು ಅಂದುಕೊಂಡೆ. ಅವಳು ಪರದೆಯ ಹತ್ತಿರ ಮುಖ ತಂದು, "ಎಷ್ಟ ಚಂದ ಐತಿ ನೋಡ್ರಿ," ಅಂದಳು. ಅವಳ ದನಿಯಲ್ಲಿ ದುಃಖ ಹುಡುಕಿದೆ, ಸಿಗಲಿಲ್ಲ. ಆ ಕ್ಷಣದಿಂದ ನಾನು ಅವಳನ್ನು ಬೇರೆಯಾಗಿ ನೋಡತೊಡಗಿದೆ.

ಹಿರೇಮಠ ಸರ್ ಒಪ್ಪಲಿಲ್ಲ. ಅವರ ಮನೆಗೆ ಇಬ್ಬರೂ ಹೋಗಿದ್ದೆವು. ಸಿಟ್ಟು ಮಾಡಲಿಲ್ಲ, ಚಹಾ ತರಿಸಿದರು.

"ಶೈಲಾ, ನಿನ್ನ ಚುಕ್ಕಿ ಗಾಜಿಗೆ ಅಂಟಿಕೊಂಡಿರಬೇಕು. ಹನಿ ತಿರಗತದ, ಅದು ಗಾಜಿನ ಮ್ಯಾಲ ಕೂತದ. ಗ್ವಾಡಿಗೆ ಅಂಟಿದ ಹಲ್ಲಿ ಹಂಗ."

"ಇರಬಹುದ್ರಿ ಸರ್," ಅಂದಳು ಶೈಲಾ.

"ದೀಪಾವಳಿ ದೂರ ಇಲ್ಲ. ಇದ್ದ ಅಧ್ಯಾಯ ಕೊಟ್ಟು ಬಿಡು. ಹಲ್ಲಿ ಹಿಂದ ಬಿದ್ದು ಪದವಿ ಕಳಕೋಬ್ಯಾಡ."

ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂದಿತ್ತು. ಶೈಲಾಳಿಗೆ ಬಂದಿರಲಿಲ್ಲ. "ಸರ್ ಕೇಳಿದ್ದು ಖರೇ ಪ್ರಶ್ನೆರಿ. ಅಂಟಿಲ್ಲ ಅಂತ ನಾ ಹೆಂಗ ಹೇಳಲಿ?" ಅಂದಳು.

ಗಾಜಿಗೆ ಅಂಟಿದ ಕಣ ಹನಿಯೊಂದಿಗೆ ಸರಿಯಲಾರದು. ಆದ್ದರಿಂದ ಹನಿಯನ್ನೇ ಸರಿಸಬೇಕು. ತಟ್ಟೆಯನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಹನಿ ಮೆಲ್ಲಗೆ ಜಾರುತ್ತದೆ. ಆದರೆ ಓರೆ ಮಾಡಿದ್ದೇ ಕಾವು ಏರುಪೇರಾಗಿ ಹನಿಗಳು ಒಂದರೊಳಗೊಂದು ಕೂಡಿಹೋಗುತ್ತಿದ್ದವು. ಚೌತಿ ಬಂತು. ಊರೆಲ್ಲ ಡೋಲು ಬಾರಿಸುತ್ತಿದ್ದಾಗ ನಾವು ಗೋಣಿಚೀಲದ ಕಿಟಕಿಯೊಳಗೆ ಕೂತಿದ್ದೆವು. ಮಾರುತಿ ತಟ್ಟೆಯ ಕೆಳಗೆ ಇಡಲು ಒಂದು ತಿರುಪು ಮಾಡಿಕೊಟ್ಟರು. "ಹನಿ ತಿರಗಿತೇನ್ರಿ ಅಕ್ಕೋರ?" ಅಂದರು. "ತಿರಗಿತು, ಈಗ ತಿರಗವಲ್ದು ಅಂತ ಕಾಣತೈತಿ," ಅಂದಳು ಶೈಲಾ. "ನಮ್ಮ ಲೇಥಿನ ಹಣೆಬರಾನೂ ಹಿಂಗ," ಅಂದರು ಮಾರುತಿ.

ಗಣಪತಿ ಬಪ್ಪನ ವಿಸರ್ಜನೆ ಮುಗಿದ ವಾರ ಮಳೆ ಮತ್ತೊಮ್ಮೆ ಹಿಡಿಯಿತು, ಕಡೆಯ ಸಲ. ಬೆಳಿಗ್ಗೆ ಶೈಲಾ ಫೋನ್ ಮಾಡಿ ಹಿರೇಮಠ ಸರ್‌ ಅವರನ್ನು ಕರೆಸಿದಳು. ಫಲ ಕಂಡಾದ ಮೇಲೆ ಕರೆಯಲಿಲ್ಲ, ಏನಾಗುತ್ತದೋ ಗೊತ್ತಿಲ್ಲದಾಗಲೇ ಕರೆದಳು. ಸರ್ ಕೋಟಿನ ಮೇಲಿನ ಮಳೆನೀರು ಝಾಡಿಸಿ ಪರದೆಯ ಮುಂದೆ ಕೂತರು. ಶೈಲಾ ತಿರುಪನ್ನು ಮುಟ್ಟಿದಳೋ ಇಲ್ಲವೋ ಅನ್ನುವಷ್ಟು ತಿರುಗಿಸಿದಳು.

ಕಣವಿದ್ದ ಹನಿ ಜಾರತೊಡಗಿತು. ಪರದೆಯ ಎಡದಿಂದ ಬಲಕ್ಕೆ, ಬಸವನ ಹುಳುವಿನ ಹಾಗೆ. ಒಳಗಿನ ಕಣವೂ ಅದರೊಡನೆ ಹೊರಟಿತು. ಅದು ಗಾಜಿಗೆ ಅಂಟಿರಲಿಲ್ಲ. ಹನಿ ಹೋದಲ್ಲಿ ಕಣ ಹೋಯಿತು. ಹನಿಯೊಳಗೆ ಮಾತ್ರ ಅದು ಮೊದಲು ಯಾವ ಜಾಗದಲ್ಲಿತ್ತೋ, ನಡುವಿಗೂ ಮೇಲಂಚಿಗೂ ಮಧ್ಯೆ, ಅದೇ ಜಾಗದಲ್ಲಿ ಉಳಿಯಿತು. ಪಟ್ಟೆಗಳು ಅದರ ಮೇಲೆ ಹಾದು ಹೋಗುತ್ತಲೇ ಇದ್ದವು.

ಹನಿ ಪರದೆಯ ಅಂಚಿಗೆ ಹೋಗಿ ಮರೆಯಾದ ಮೇಲೆ ಸರ್, "ಇನ್ನೊಮ್ಮೆ," ಅಂದರು. ಇನ್ನೊಂದು ಹನಿಯಲ್ಲಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ಎದ್ದರು. ಬಾಗಿಲಲ್ಲಿ ನಿಂತು ಕೊಡೆ ಬಿಚ್ಚುತ್ತ, "ಅಧ್ಯಾಯ ಮತ್ತ ಬರಿ. ಲಗೂ ಬರಿ," ಅಂದರು.

ಬರೆದಳು. ಲೆಕ್ಕಗಳನ್ನೆಲ್ಲ ಮೊದಲಿನಿಂದ ಮಾಡಿದಳು. ಹೊಸ ಅಧ್ಯಾಯದ ಮೊದಲ ಸಾಲಿನಲ್ಲೇ, ತಾನು ಸಭೆಯಲ್ಲಿ ಹೇಳಿದ್ದು ಸರಿಯಲ್ಲ ಎಂದು ಬರೆದಳು. ಅದನ್ನು ಕೊನೆಯಲ್ಲಿ ಎಲ್ಲಾದರೂ ಹಾಕು ಎಂದು ನಾನು ಅಂದೆ. ಅವಳು ಕೇಳಲಿಲ್ಲ. ದೀಪಾವಳಿಯ ಹಿಂದಿನ ವಾರ ಪ್ರಬಂಧ ಹೋಯಿತು.

ಮೌಖಿಕ ಪರೀಕ್ಷೆ ನಡೆದದ್ದು ಶಿವರಾತ್ರಿಯ ಸುಮಾರಿಗೆ. ಹೊರಗೆ ರಣಬಿಸಿಲು. ಪರೀಕ್ಷಕರು ಮೈಸೂರಿನ ಕಡೆಯವರು, ಎಳೆ ಎಳೆಯಾಗಿ ಪ್ರಶ್ನೆ ಕೇಳುವವರು. ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕ ಹೊಸ ಸೀರೆ ಉಟ್ಟ ಆಯಿ.

"ನಿಮ್ಮ ಇಡೀ ವಾದ ಒಂದು ಮಣ್ಣಿನ ಕಣದ ಮೇಲೆ ನಿಂತಿದೆ," ಅಂದರು ಪರೀಕ್ಷಕರು. "ವಿಡಿಯೋದಲ್ಲಿ ಅದು ಮಸುಕಾಗಿದೆ. ಪ್ರಯೋಗವನ್ನು ಈಗ ತೋರಿಸಬಹುದೆ?"

"ಈಗ ಆಗೂದಿಲ್ಲ ಸರ್," ಅಂದಳು ಶೈಲಾ. "ಹೊರಗ ಬಿಸಿಲದ. ಹನಿ ಉಳಿಯೂದಿಲ್ಲ."

ಕೆಲವರು ನಕ್ಕರು. ಪರೀಕ್ಷಕರೂ ತುಸು ನಕ್ಕರು. "ಮಳೆ ಬಂದಾಗ ಮಾತ್ರ ನಡೆಯುವ ಭೌತಶಾಸ್ತ್ರವೆ ಇದು?"

"ಭೌತಶಾಸ್ತ್ರ ಯಾವಾಗಲೂ ನಡೀತದ ಸರ್. ನಮ್ಮ ಖೋಲಿ ಅಷ್ಟ ಮಳಿಗಾಲದಾಗ ನಡೀತದ."

ನಗು ನಿಂತಿತು. "ಹಾಗಾದರೆ ನಿಮ್ಮನ್ನು ಬಿಟ್ಟು ನೋಡಿದವರು ಯಾರು?"

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ತಯಾರಿ ಮಾಡಿರಲಿಲ್ಲ. "ಪಟ್ಟೆಗಳು ತಿರುಗಿದವು. ಕಣ ತಿರುಗಲಿಲ್ಲ. ಹನಿ ಸರಿದಾಗ ಕಣ ಅದರ ಜೊತೆ ಸರಿಯಿತು. ಇದಕ್ಕಿಂತ ಹೆಚ್ಚು ನಾನು ನೋಡಿಲ್ಲ," ಅಂದೆ.

ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಹಿರೇಮಠ ಸರ್ ಎದ್ದಿದ್ದರು. "ನಾನೂ ನೋಡೀನ್ರಿ," ಅಂದರು. "ನಾ ಇಷ್ಟ ವರ್ಷ ಅಂದದ್ದು ಬರೋಬ್ಬರಿ ಇದ್ದಿಲ್ಲ. ನನ್ನ ವಿದ್ಯಾರ್ಥಿ ಅಂದದ್ದು ಬರೋಬ್ಬರಿ ಅದ." ಅಷ್ಟೇ ಹೇಳಿ ಕೂತರು.

ಪರೀಕ್ಷಕರು ಪ್ರಬಂಧದ ಹಾಳೆಗಳನ್ನು ಮುಂದಕ್ಕೆ ಹಿಂದಕ್ಕೆ ಮಾಡಿದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಪುಸ್ತಕ ಮುಚ್ಚಿ ಶೈಲಾಳ ಕಡೆ ನೋಡಿದರು.

"ಬರುವ ಆಷಾಢಕ್ಕೆ ನಾನೇ ಬೆಳಗಾವಿಗೆ ಬರುತ್ತೇನೆ. ಆ ಹನಿ ತೋರಿಸಬೇಕು, ಡಾಕ್ಟರ್ ಶೈಲಾ."

ಆಯಿ ನನ್ನ ಕೈ ಹಿಡಿದು ಎಳೆದರು. "ಏನಂದಾ ಅಂವಾ? ಪಾಸ ಆತೇನು?"

"ಆತ್ರಿ ಆಯಿ. ಪಾಸ ಆದ್ಲು."

"ಮತ್ತ ಮಳಿಗಾಲದಾಗ ಯಾಕ ಬರ್ತೀನಿ ಅಂದಾ?"

"ನೋಡಾಕ್ರಿ. ಇಕಿ ಕಂಡದ್ದನ್ನ ತಾನೂ ನೋಡಬೇಕಂತ."

ಆಯಿ ಸೆರಗು ಸರಿಮಾಡಿಕೊಂಡು, ಮುಂದೆ ಕೂತಿದ್ದ ಪರೀಕ್ಷಕರನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು.

"ಪಾಸ ಮಾಡಿದ ಮ್ಯಾಲ ಕಲಿಯಾಕ ಬರೂ ಮಾಸ್ತರನ್ನ ಇದ ಮೊದಲ ನೋಡೀನಿ," ಅಂದರು.